ಮನುಕುಲದ ಒಟ್ಟು ತೂಕ ಎಷ್ಟು? ಭೂಮಿಯದು ಎಷ್ಟು? ತೂಗಿದವರು ಯಾರು, ಹೇಗೆ?

ಶಾಲ್ಮಲಾ
ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ನಡೆಯುತ್ತಿದೆ. ಭೂಮಿಯ ದ್ರವ್ಯರಾಶಿ 6ರ ಮುಂದೆ 24 ಸೊನ್ನೆ ಕಿಲೋಗ್ರಾಂ ಎಂದು ಹಲಗೆಯ ಮೇಲೆ ಬರೆದ ಕೂಡಲೇ ಹುಡುಗಿಯೊಬ್ಬಳು ಎದ್ದು, "ಇದು ಯಾವ ವರ್ಷದ ಲೆಕ್ಕ ಮೇಡಂ? ಜನ ಹೆಚ್ಚಾದ ಹಾಗೆ ಭೂಮಿಯ ಭಾರವೂ ಹೆಚ್ಚಬೇಕಲ್ಲ?" ಎಂದಳು. ಹೆಚ್ಚುವುದಿಲ್ಲ ಎಂದೆ. ಶಿಕ್ಷಕರ ಕೊಠಡಿಯಲ್ಲಿ ಇದನ್ನು ಹೇಳಿದರೆ, ಇಬ್ಬರು ಸಹೋದ್ಯೋಗಿಗಳು ಆ ಹುಡುಗಿ ಹೇಳಿದ್ದೇ ಸರಿ ಎಂದು ವಾದಕ್ಕೆ ನಿಂತರು.

ನನಗೆ ಮೂರು ವಿಷಯ ಬೇಕು. ಒಂದು, ಭೂಮಿಯ ಮೇಲಿರುವ ಮನುಷ್ಯರನ್ನೆಲ್ಲ ಒಟ್ಟಿಗೆ ತೂಗಿದರೆ ಎಷ್ಟಾಗುತ್ತದೆ, ಅದನ್ನು ಮಕ್ಕಳೇ ಅಂದಾಜು ಮಾಡಬಹುದೇ? ಎರಡು, ಭೂಮಿಯನ್ನು ತೂಗಿದ್ದು ಹೇಗೆ? ಪಠ್ಯದಲ್ಲಿ ಸಂಖ್ಯೆ ಇದೆ, ದಾರಿ ಇಲ್ಲ. ಮೂರು, ಕಾಲಿಡಲಾಗದ ಗ್ರಹಗಳ ತೂಕ ಹೇಗೆ ಗೊತ್ತಾಯಿತು? ದಯವಿಟ್ಟು "ಸೂತ್ರಕ್ಕೆ ಹಾಕಿದರೆ ಬರುತ್ತದೆ" ಎನ್ನಬೇಡಿ.

ಕಟ್ಟೆಮಾತು
ಆ ಹುಡುಗಿಯ ಪ್ರಶ್ನೆಗೆ ಒಂದೇ ಮಾತು ಸಾಕು. ಮಗು ಮೂರು ಕಿಲೋ ಇದ್ದದ್ದು ಅರವತ್ತು ಕಿಲೋ ಆಗುವುದು ಅನ್ನ, ನೀರು, ಗಾಳಿಯಿಂದ. ಅವು ಮೊದಲೇ ಭೂಮಿಯಲ್ಲಿದ್ದವು. ಹೊರಗಿನಿಂದ ಒಂದು ಗುಲಗಂಜಿಯಷ್ಟೂ ಬಂದಿಲ್ಲ.

ಬಯಲುಸೀಮೆಯವ
ಒಂದು ಗುಲಗಂಜಿಯಷ್ಟೂ ಬಂದಿಲ್ಲ ಎನ್ನುವುದು ತಪ್ಪು. ಉಲ್ಕೆಗಳು, ಅಂತರಿಕ್ಷದ ದೂಳು ದಿನವೂ ಬೀಳುತ್ತಲೇ ಇವೆ. ಆ ಸಹೋದ್ಯೋಗಿಗಳು ಹೇಳಿದ ಕಾರಣ ತಪ್ಪಿರಬಹುದು, ಭೂಮಿಯ ಭಾರ ಹೆಚ್ಚುತ್ತಿದೆ ಎನ್ನುವುದು ಸರಿಯೇ.

ಕ್ಷಿತಿಜ
ಬೀಳುವುದನ್ನು ಮಾತ್ರ ಎಣಿಸಿದಿರಿ, ಹೋಗುವುದನ್ನು ಎಣಿಸಲಿಲ್ಲ. ದೂಳಿನಿಂದ ಬರುವುದು ವರ್ಷಕ್ಕೆ ಹತ್ತಾರು ಸಾವಿರ ಟನ್ ಎಂದು ಅಂದಾಜು. ಮೇಲಿನ ವಾಯುಮಂಡಲದಿಂದ ತಪ್ಪಿಸಿಕೊಂಡು ಹೋಗುವ ಜಲಜನಕ ಸೆಕೆಂಡಿಗೆ ಸುಮಾರು 3 ಕಿಲೋ, ಎಂದರೆ ವರ್ಷಕ್ಕೆ 95 ಸಾವಿರ ಟನ್ನಿನ ಹತ್ತಿರ. ಹೀಲಿಯಂ ಬೇರೆ. ಈ ಲೆಕ್ಕದಲ್ಲಿ ಭೂಮಿ ವರ್ಷದಿಂದ ವರ್ಷಕ್ಕೆ ಹಗುರವೇ ಆಗುತ್ತಿದೆ. ಆದರೂ ಭೂಮಿ 6ರ ಮುಂದೆ 21 ಸೊನ್ನೆಯಷ್ಟು ಟನ್ ಇದೆ. ಈ ಏರಿಳಿತದಿಂದ ಕೋಟ್ಯಂತರ ವರ್ಷ ಕಳೆದರೂ ಪಠ್ಯಪುಸ್ತಕದ ಸಂಖ್ಯೆ ಅಲುಗಾಡುವುದಿಲ್ಲ.

ಅಂಕಿಸಂಖ್ಯೆ
ಮೇಡಂ, ಮನುಕುಲದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಬಹಳ ಒಳ್ಳೆಯ ಅಭ್ಯಾಸ.

ಜನಸಂಖ್ಯೆ 800 ಕೋಟಿ ದಾಟಿತೆಂದು ವಿಶ್ವಸಂಸ್ಥೆ 2022ರ ನವೆಂಬರ್ 15ನ್ನು ಗುರುತಿಸಿತು. ಇವರಲ್ಲಿ ಹದಿನೈದು ವರ್ಷದೊಳಗಿನವರು ಹೆಚ್ಚುಕಡಿಮೆ ಕಾಲು ಭಾಗ. ಉಳಿದ 600 ಕೋಟಿ ಜನರಿಗೆ ತಲಾ 62 ಕಿಲೋ ಹಿಡಿದರೆ 37 ಕೋಟಿ ಟನ್. ಮಕ್ಕಳು 200 ಕೋಟಿ, ಕೂಸಿನಿಂದ ಹೈಸ್ಕೂಲಿನವರೆಗೆ ಸರಾಸರಿ 25 ಕಿಲೋ ಎಂದುಕೊಂಡರೆ 5 ಕೋಟಿ ಟನ್. ಕೂಡಿದರೆ 42 ಕೋಟಿ ಟನ್. 2023ರಲ್ಲಿ ಸಸ್ತನಿಗಳ ಒಟ್ಟು ತೂಕದ ಬಗ್ಗೆ ಪ್ರಕಟವಾದ ಅಧ್ಯಯನ ಮನುಷ್ಯರಿಗೆ ಕೊಟ್ಟ ಸಂಖ್ಯೆ 39 ಕೋಟಿ ಟನ್. ನಮ್ಮ ಕೈಲೆಕ್ಕ ಅದರ ಪಕ್ಕದಲ್ಲೇ ಇದೆ.

ಬಯಲುಸೀಮೆಯವ
62 ಕಿಲೋ ಎಲ್ಲಿಂದ ಬಂತು? ನಮ್ಮ ಕಡೆ ಗದ್ದೆ ಕೆಲಸದವರು ಐವತ್ತು ತೂಗಿದರೆ ಹೆಚ್ಚು.

ಅಂಕಿಸಂಖ್ಯೆ
ಲಂಡನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಲೆಕ್ಕ ಅದು. 2005ರ ಅಂಕಿಅಂಶ ಹಿಡಿದು ಜಗತ್ತಿನ ವಯಸ್ಕರ ಸರಾಸರಿ 62 ಕಿಲೋ, ವಯಸ್ಕರ ಒಟ್ಟು ತೂಕ 28.7 ಕೋಟಿ ಟನ್ ಎಂದರು. ನಿಮ್ಮ ಅನುಮಾನ ನ್ಯಾಯವಾದದ್ದೇ. ಅವರದೇ ಲೆಕ್ಕದಲ್ಲಿ ಏಷ್ಯಾದ ಸರಾಸರಿ 57.7, ಉತ್ತರ ಅಮೆರಿಕದ್ದು 80.7. ಜಗತ್ತಿನ ಜನರಲ್ಲಿ ಉತ್ತರ ಅಮೆರಿಕದವರು ನೂರಕ್ಕೆ 6, ಬೊಜ್ಜಿನಿಂದ ಬಂದ ಹೆಚ್ಚುವರಿ ತೂಕದಲ್ಲಿ ಅವರ ಪಾಲು ನೂರಕ್ಕೆ 34. ಏಷ್ಯಾದವರು ಜನರಲ್ಲಿ ನೂರಕ್ಕೆ 61, ಆ ತೂಕದಲ್ಲಿ 13. ಅಧ್ಯಯನದ ಉದ್ದೇಶವೇ ಅದಾಗಿತ್ತು: ಭೂಮಿ ಎಷ್ಟು ಜನರಿಗೆ ಉಣಿಸಬೇಕು ಎಂದು ಕೇಳಿದರೆ ಸಾಲದು, ಎಷ್ಟು ದೇಹಕ್ಕೆ ಉಣಿಸಬೇಕು ಎಂದೂ ಕೇಳಬೇಕು.

ಮಂಡ್ಯದ ಗದ್ದೆ
40 ಕೋಟಿ ಟನ್ ಎಂದರೆ ತಲೆಗೆ ಹತ್ತುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಮನುಷ್ಯನ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ, ಆದ್ದರಿಂದಲೇ ತೇಲಲೂ ಮುಳುಗಲೂ ಬರುತ್ತದೆ. ಆಗ 40 ಕೋಟಿ ಟನ್ ಎಂದರೆ 40 ಕೋಟಿ ಘನ ಮೀಟರ್. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಭಾಗಿಸಿದರೆ 14 ಟಿಎಂಸಿ! ಕನ್ನಂಬಾಡಿ ಕಟ್ಟೆಯ ಸಾಮರ್ಥ್ಯ 49.45 ಟಿಎಂಸಿ. ಇಡೀ ಮನುಕುಲದ ಗಾತ್ರ ಅದರ ಮೂರನೇ ಒಂದು ಭಾಗವೂ ಇಲ್ಲ. ಕಬಿನಿ 19.52 ಟಿಎಂಸಿ, ಅಲ್ಲೂ ಜಾಗ ಮಿಗುತ್ತದೆ.

ಕಟ್ಟೆಮಾತು
ಸರ್, ಇದನ್ನು ನಮ್ಮ ಮನೆಯಲ್ಲಿ ಓದಿ ಹೇಳಿದೆ. ಯಾರೂ ನಂಬಲಿಲ್ಲ, ಕೊನೆಗೆ ಮೊಬೈಲಿನಲ್ಲಿ ಭಾಗಾಕಾರ ಮಾಡಿ ತೋರಿಸಬೇಕಾಯಿತು.

ನಂದಿನಿ ಹೊಳೆ
ಇಂಥ ಲೆಕ್ಕದಿಂದ ಏನು ಪ್ರಯೋಜನ? ಜನರನ್ನು ಅಣೆಕಟ್ಟೆಯಲ್ಲಿ ತುಂಬಿಸಿ ನೋಡುವುದು ಮಕ್ಕಳಿಗೆ ಹೇಳುವ ಮಾತೇ? ನನಗೆ ಸರಿ ಕಾಣುವುದಿಲ್ಲ.

ಕಾಡುಪಾಪ
ಪ್ರಯೋಜನ ಇದೆ ಅಕ್ಕ. ಗಾತ್ರದಲ್ಲಿ ಇಷ್ಟು ಚಿಕ್ಕವರು ಉಳಿದ ಜೀವಿಗಳ ನಡುವೆ ಎಷ್ಟು ದೊಡ್ಡವರಾಗಿದ್ದೇವೆ ಎಂದು ನೋಡಲು ಇದೇ ಬೇಕು. ಮೇಲೆ ಹೇಳಿದ 2023ರ ಅಧ್ಯಯನದಲ್ಲಿ ನೆಲದ ಮೇಲಿನ ಕಾಡು ಸಸ್ತನಿಗಳೆಲ್ಲ ಸೇರಿ ಸುಮಾರು 2.2 ಕೋಟಿ ಟನ್. ಆನೆ, ಕಾಟಿ, ಜಿಂಕೆ, ಹುಲಿ, ಇಲಿ, ಬಾವಲಿ ಎಲ್ಲ ಸೇರಿ. ಸಮುದ್ರದವು, ತಿಮಿಂಗಿಲ ಮೊದಲಾದವು, 4 ಕೋಟಿ ಟನ್. ಮನುಷ್ಯರು 39 ಕೋಟಿ. ನಾವು ಸಾಕಿದ ಪ್ರಾಣಿಗಳು 63 ಕೋಟಿ, ಅದರಲ್ಲಿ ದನಗಳೇ 40 ಕೋಟಿಗೂ ಹೆಚ್ಚು. ನಾಯಿಗಳನ್ನು ಮಾತ್ರ ತೂಗಿದರೆ ನೆಲದ ಕಾಡುಪ್ರಾಣಿಗಳೆಲ್ಲದರ ತೂಕಕ್ಕೆ ಸಮ ಬರುತ್ತವೆ.

ಊರಿನ ಲೆಕ್ಕ ನೋಡಿ. ಕಾಡಾನೆಗಳು ದೇಶದಲ್ಲೇ ಹೆಚ್ಚು ಇರುವುದು ಕರ್ನಾಟಕದಲ್ಲಿ, ಸುಮಾರು 6 ಸಾವಿರ. ಮರಿಗಳೂ ಸೇರಿ ಸರಾಸರಿ ಎರಡೂವರೆ ಟನ್ ಹಿಡಿದರೆ 15 ಸಾವಿರ ಟನ್. 2011ರ ಜನಗಣತಿಯಂತೆ ರಾಜ್ಯದ ಜನ 6.11 ಕೋಟಿ, ತಲಾ 50 ಕಿಲೋ ಎಂದರೆ 30 ಲಕ್ಷ ಟನ್. ಆನೆಗಳ ಇನ್ನೂರು ಪಟ್ಟು. ನಾನು ಇರುವುದು ಸಕಲೇಶಪುರದ ಕಡೆ. "ಆನೆಗಳು ಹೆಚ್ಚಾಗಿವೆ" ಎಂಬ ಮಾತನ್ನು ದಿನವೂ ಕೇಳುತ್ತೇನೆ. ಬೆಳೆ ಕಳೆದುಕೊಂಡವರ ಸಂಕಟ ನಿಜ, ಅದನ್ನು ಯಾವ ಲೆಕ್ಕವೂ ಅಳಿಸುವುದಿಲ್ಲ. ಆದರೆ ಯಾರು ಎಷ್ಟು ಹೆಚ್ಚಾಗಿದ್ದಾರೆ ಎಂದು ಮಾತಾಡುವಾಗ ಈ ಇನ್ನೂರು ಪಟ್ಟನ್ನೂ ಹೇಳಬೇಕು.

ನಂದಿನಿ ಹೊಳೆ
ಇದು ಬೇರೆ ಮಾತು. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಅಂಕಿಸಂಖ್ಯೆ
ಇದಕ್ಕೆ ಎರಡು ಸೇರಿಸುತ್ತೇನೆ. ಇರುವೆಗಳು: 2022ರ ಅಂದಾಜಿನಂತೆ ಒಬ್ಬ ಮನುಷ್ಯನಿಗೆ 25 ಲಕ್ಷ ಇರುವೆ. ಎಲ್ಲವನ್ನೂ ಒಣಗಿಸಿ ಇಂಗಾಲವನ್ನು ಮಾತ್ರ ತೂಗಿದರೆ ನಮ್ಮ ಐದನೇ ಒಂದು ಭಾಗ. ಇನ್ನೊಂದು, ನಾವು ಕಟ್ಟಿದ್ದು. ಕಾಂಕ್ರೀಟ್, ಜಲ್ಲಿ, ಇಟ್ಟಿಗೆ, ಡಾಂಬರು, ಲೋಹ ಎಲ್ಲ ಕೂಡಿ ಸುಮಾರು 1.1 ಲಕ್ಷ ಕೋಟಿ ಟನ್. 2020ರ ಆಸುಪಾಸಿನಲ್ಲಿ ಇದು ಭೂಮಿಯ ಎಲ್ಲ ಜೀವರಾಶಿಯ ಒಣತೂಕವನ್ನು ದಾಟಿತು ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಲೆಕ್ಕ ಹಾಕಿದ್ದಾರೆ. ಪ್ರತಿ ವಾರ ಪ್ರತಿ ಮನುಷ್ಯನ ಲೆಕ್ಕಕ್ಕೆ ಅವನ ಮೈತೂಕಕ್ಕಿಂತ ಹೆಚ್ಚು ವಸ್ತು ಹೊಸದಾಗಿ ಸೇರುತ್ತಿದೆ.

ಬಯಲುಸೀಮೆಯವ
ಎಲ್ಲರೂ ಒಂದೇ ಸಲ ಜಿಗಿದರೆ ಭೂಮಿ ಕದಲುತ್ತದೆಯೇ? ಇದನ್ನೂ ಮಕ್ಕಳು ಕೇಳಿಯೇ ಕೇಳುತ್ತಾರೆ.

ಕ್ಷಿತಿಜ
ಭೂಮಿ ಮನುಕುಲಕ್ಕಿಂತ ಸುಮಾರು 15 ಲಕ್ಷ ಕೋಟಿ ಪಟ್ಟು ಭಾರ. ನಾವೆಲ್ಲ ಒಂದೇ ಜಾಗದಲ್ಲಿ ನಿಂತು ಒಂದಡಿ ಮೇಲೆ ಹಾರಿದರೆ ಭೂಮಿ ಅದರ ಅಷ್ಟನೇ ಒಂದು ಪಾಲು ಕೆಳಗೆ ಸರಿಯುತ್ತದೆ, ಅದು ಒಂದು ಪರಮಾಣುವಿನ ಅಗಲಕ್ಕಿಂತ ಸಾವಿರಾರು ಪಟ್ಟು ಕಡಿಮೆ. ನಾವು ಕೆಳಗೆ ಬಂದಾಗ ಅದೂ ವಾಪಸು ಬರುತ್ತದೆ.

ಹಳೆಯ ಉಪನ್ಯಾಸಕ
ಮೇಡಂ ಅವರ ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಲಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು, ಇದು ನನಗೆ ಅತ್ಯಂತ ಪ್ರೀತಿಯ ಪಾಠ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಭೂಮಿಯನ್ನು ತೂಗಲು ಮೂರು ಸಂಖ್ಯೆ ಬೇಕು. ವಸ್ತು ಬೀಳುವ ವೇಗೋತ್ಕರ್ಷ, ಭೂಮಿಯ ತ್ರಿಜ್ಯ, ಗುರುತ್ವ ಸ್ಥಿರಾಂಕ (ಇಷ್ಟು ದ್ರವ್ಯರಾಶಿಯ ಎರಡು ವಸ್ತುಗಳು ಇಷ್ಟು ದೂರದಲ್ಲಿದ್ದರೆ ಒಂದನ್ನೊಂದು ಎಷ್ಟು ಎಳೆಯುತ್ತವೆ ಎಂದು ಹೇಳುವ ಸಂಖ್ಯೆ). ಮೊದಲನೆಯದು ನಿಮ್ಮ ತರಗತಿಯಲ್ಲೇ ಸಿಗುತ್ತದೆ. ಹಿಗ್ಗದ ದಾರಕ್ಕೆ ಭಾರವಾದ ನಟ್ಟು ಕಟ್ಟಿ ತೂಗುಹಾಕಿ. ಕೊಂಡಿಯಿಂದ ನಟ್ಟಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ. ಇಪ್ಪತ್ತು ಆಂದೋಲನಕ್ಕೆ 40 ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಅದರಿಂದ 9.8 ಬರುತ್ತದೆ. ತ್ರಿಜ್ಯ 6,371 ಕಿ.ಮೀ. ಎಂಬುದು ನೆಲದ ಅಳತೆಯಿಂದ ಗೊತ್ತು. ಉಳಿದದ್ದು ಮೂರನೆಯದು. ನ್ಯೂಟನ್ ನಿಯಮ ಕೊಟ್ಟರು, ಈ ಸ್ಥಿರಾಂಕವನ್ನು ಕೊಡಲಿಲ್ಲ. ಭೂಮಿ ನೀರಿಗಿಂತ ಐದಾರು ಪಟ್ಟು ಸಾಂದ್ರವಾಗಿರಬಹುದು ಎಂದು ಅವರು ಊಹಿಸಿದರು, ಆ ಊಹೆ ಅಚ್ಚರಿಯಾಗುವಷ್ಟು ಸರಿಯಾಗಿತ್ತು.

ಎರಡು ಸಾಮಾನ್ಯ ವಸ್ತುಗಳು ಒಂದನ್ನೊಂದು ಎಳೆಯುವ ಬಲವನ್ನು ಅಳೆದವರು ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್, 1797-98ರಲ್ಲಿ. ಉಪಕರಣದ ಕಲ್ಪನೆ ಅವರದಲ್ಲ, ಜಾನ್ ಮಿಚೆಲ್ ಎಂಬ ಪಾದ್ರಿಯದು. ಮಿಚೆಲ್ ಅದನ್ನು ಬಳಸುವ ಮೊದಲೇ ತೀರಿಕೊಂಡರು. ಆರಡಿ ಉದ್ದದ ಮರದ ಅಡ್ಡಕೋಲು, ಅದರ ಎರಡು ತುದಿಗೂ ಮುಕ್ಕಾಲು ಕಿಲೋದಷ್ಟು ಸೀಸದ ಗುಂಡು, ಇಡೀ ಕೋಲನ್ನು ನಡುವಿನಿಂದ ಒಂದು ಸಣ್ಣ ತಂತಿಗೆ ತೂಗುಬಿಟ್ಟದ್ದು. ಪಕ್ಕಕ್ಕೆ 158 ಕಿಲೋದ ಎರಡು ದೊಡ್ಡ ಸೀಸದ ಗುಂಡು ತಂದರೆ ಸಣ್ಣವು ಅತ್ತ ಜಗ್ಗುತ್ತವೆ, ತಂತಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಎಂಬುದೇ ಉತ್ತರ.

ಕಷ್ಟ ಎಲ್ಲಿತ್ತು ಗೊತ್ತೇ? ಮನುಷ್ಯನ ಮೈಯ ಬಿಸಿಗೆ ಕೋಣೆಯ ಗಾಳಿ ಕದಲಿದರೂ ಆ ಕೋಲು ಅಲುಗುತ್ತದೆ. ಆದ್ದರಿಂದ ಕ್ಯಾವೆಂಡಿಶ್ ಉಪಕರಣವನ್ನು ಕೋಣೆಯೊಳಗೆ ಮುಚ್ಚಿ, ತಾವು ಹೊರಗೆ ನಿಂತು, ಗೋಡೆಯ ಕಂಡಿಯಲ್ಲಿಟ್ಟ ದೂರದರ್ಶಕದಿಂದ ನೋಡಿದರು. ದೊಡ್ಡ ಗುಂಡುಗಳನ್ನು ಹೊರಗಿನಿಂದಲೇ ಹಗ್ಗ ಎಳೆದು ಸರಿಸಿದರು. ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಬರೆದರು (ಅದನ್ನು ಭೂಮಿಯ ಗಾತ್ರದಿಂದ ಗುಣಿಸಿದರೆ ದ್ರವ್ಯರಾಶಿ ಸಿಗುತ್ತದೆ). ಸರಾಸರಿ ತೆಗೆಯುವಾಗ ಕೂಡಿಕೆಯಲ್ಲಿ ಜಾರಿದ್ದರಿಂದ ಹಾಗಾಯಿತು, ಅವರ ಅಳತೆಗಳಿಂದ ನಿಜವಾಗಿ ಬರುವುದು 5.45. ಇಂದಿನ ಬೆಲೆ 5.51. ಇನ್ನೂರು ವರ್ಷದ ಹಿಂದೆ ಮರ, ಸೀಸ, ತಂತಿ ಇಟ್ಟುಕೊಂಡು ಶೇಕಡಾ ಒಂದರಷ್ಟು ಮಾತ್ರ ಆಚೀಚೆ!

ಶಾಲ್ಮಲಾ
ಸರ್, ಇದನ್ನು ಹೀಗೆ ಯಾರೂ ನಮಗೆ ಕಲಿಸಲಿಲ್ಲ. ಲೋಲಕದ ಪ್ರಯೋಗವನ್ನು ಈ ಶನಿವಾರವೇ ಮಾಡಿಸುತ್ತೇನೆ. ಒಂದು ಅನುಮಾನ: ಗಾರೆ ಕೆಲಸದವರ ತೂಗುಗುಂಡು ಬೆಟ್ಟದ ಪಕ್ಕದಲ್ಲಿ ಓರೆಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ಅದೂ ಇದಕ್ಕೇ ಸೇರಿದ್ದೇ?

ಎಡಿನ್‌ಬರಾ ಕನ್ನಡಿಗ
ಸೇರಿದ್ದೇ ಮೇಡಂ, ಕ್ಯಾವೆಂಡಿಶ್‌ಗಿಂತ ಮೊದಲಿನದು. ನಾನು ಇರುವ ಸ್ಕಾಟ್ಲೆಂಡಿನಲ್ಲೇ ನಡೆದದ್ದು. 1774ರಲ್ಲಿ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ಶಿಹಾಲಿಯನ್ ಎಂಬ ಬೆಟ್ಟದ ಉತ್ತರಕ್ಕೂ ದಕ್ಷಿಣಕ್ಕೂ ಬಿಡಾರ ಹೂಡಿ, ನಕ್ಷತ್ರಗಳನ್ನು ನೋಡಿ ತೂಗುಗುಂಡು ಎಷ್ಟು ಓರೆಯಾಗುತ್ತದೆ ಎಂದು ಅಳೆದರು. ಎರಡು ಕಡೆಯದೂ ಕೂಡಿ 11.6 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಅದರಲ್ಲಿ ಹನ್ನೆರಡು ಭಾಗವೂ ಇಲ್ಲ.

ನಾನು ಆ ಬೆಟ್ಟ ಹತ್ತಿದ್ದೇನೆ. ದೂರದಿಂದ ನೋಡಿದರೆ ಗೋಪುರದ ಹಾಗೆ, ಸುತ್ತಲಿನ ಬೆಟ್ಟಗಳಿಂದ ಬಿಡಿಯಾಗಿ ನಿಂತಿದೆ. ಆರಿಸಿಕೊಂಡದ್ದೂ ಅದಕ್ಕೇ: ಆಕಾರ ಸರಳ, ಗಾತ್ರವನ್ನು ಲೆಕ್ಕ ಹಾಕಬಹುದು. ಬೆಟ್ಟದ ಭಾರ ಗೊತ್ತಾದರೆ, ಅದರ ಎಳೆತವನ್ನು ಭೂಮಿಯ ಎಳೆತಕ್ಕೆ ಹೋಲಿಸಿ ಭೂಮಿಯ ಭಾರ ತಿಳಿಯಬಹುದು. ಆ ಲೆಕ್ಕ ಹಾಕಿದ ಗಣಿತಜ್ಞ ಚಾರ್ಲ್ಸ್ ಹಟನ್ ನಕ್ಷೆಯಲ್ಲಿ ಒಂದೇ ಎತ್ತರದ ಬಿಂದುಗಳನ್ನು ಗೆರೆಯಿಂದ ಜೋಡಿಸಿದರು. ನಾವು ಭೂಗೋಳದಲ್ಲಿ ಓದುವ ಸಮೋನ್ನತಿ ರೇಖೆ ಇದೇ. ಅವರಿಗೆ ಬಂದ ಭೂಮಿಯ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು. ಕಡಿಮೆ ಬಂತು, ಆದರೂ ಬೆಟ್ಟದ ಕಲ್ಲಿಗಿಂತ ಬಹಳ ಹೆಚ್ಚು. ಆದ್ದರಿಂದ ಭೂಮಿಯ ಒಳಗೆ ಲೋಹ ಇರಲೇಬೇಕು ಎಂದು ಹಟನ್ ಆಗಲೇ ಹೇಳಿದರು. ಭೂಮಿ ಪೊಳ್ಳು ಎಂಬ ವಾದಕ್ಕೆ ಅಲ್ಲಿಗೆ ನೆಲೆ ತಪ್ಪಿತು.

ವಿಜಯಪುರದ ಹುಡುಗ
ಎಲ್ಲವನ್ನೂ ಇಂಗ್ಲೆಂಡಿನವರೇ ಕಂಡುಹಿಡಿದರು ಎನ್ನುವ ಹಾಗೆ ಬರೆಯುತ್ತಿದ್ದೀರಿ. ಭೂಮಿಗೆ ಆಕರ್ಷಣ ಶಕ್ತಿ ಇದೆ ಎಂದು ನಮ್ಮ ಭಾಸ್ಕರಾಚಾರ್ಯರು 1150ರಲ್ಲೇ ಸಿದ್ಧಾಂತ ಶಿರೋಮಣಿಯಲ್ಲಿ ಬರೆದಿದ್ದಾರೆ. ನ್ಯೂಟನ್ ಹುಟ್ಟುವುದಕ್ಕೆ ಸುಮಾರು ಐನೂರು ವರ್ಷ ಮೊದಲು.

ಹಳೆಯ ಉಪನ್ಯಾಸಕ
ತಮ್ಮಾ, ಬರೆದದ್ದು ನಿಜ. ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಭೂಮಿ ತನ್ನ ಶಕ್ತಿಯಿಂದ ತನ್ನತ್ತ ಎಳೆಯುತ್ತದೆ ಎಂದು ಸ್ಪಷ್ಟವಾಗಿ ಇದೆ. ಭೂಮಿ ಕೆಳಗೆ ಬೀಳುವುದಿಲ್ಲವೇಕೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವೂ ಸೊಗಸಾಗಿದೆ: ಸುತ್ತಲೂ ಆಕಾಶ ಸಮನಾಗಿದ್ದರೆ ಅದು ಬೀಳುವುದು ಎಲ್ಲಿಗೆ? ಮಕ್ಕಳಿಗೆ ಇದನ್ನು ಹೇಳಲೇಬೇಕು. ಆದರೆ ತೂಗುವುದಕ್ಕೆ ಅಷ್ಟು ಸಾಲದು. ದೂರ ಇಮ್ಮಡಿಯಾದರೆ ಎಳೆತ ನಾಲ್ಕನೇ ಒಂದು ಭಾಗವಾಗುತ್ತದೆ ಎಂಬ ನಿಯಮ ಬೇಕು, ಆ ಎಳೆತ ಎಷ್ಟು ಎಂಬ ಅಳತೆಯೂ ಬೇಕು. ಅವೆರಡೂ ಅಲ್ಲಿ ಇಲ್ಲ. ಭಾಸ್ಕರರ ಹಿರಿಮೆಗೆ ಇಲ್ಲದ್ದನ್ನು ಸೇರಿಸುವ ಅಗತ್ಯ ಇಲ್ಲ.

ಕಟ್ಟೆಮಾತು
"ನಮ್ಮ" ಎಂದರೆ ವಿಜಯಪುರದವರು ಎಂದೇ? ಅದೇ ಖಚಿತವಾಗಿಲ್ಲ. ತಮ್ಮ ಊರು ವಿಜ್ಜಡವಿಡ, ಸಹ್ಯಾದ್ರಿಯ ಬಳಿ ಎಂದು ಅವರೇ ಬರೆದಿದ್ದಾರೆ. ಮೊಮ್ಮಗ ಚಂಗದೇವನ ಶಾಸನ ಇರುವುದು ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ.

ವಿಜಯಪುರದ ಹುಡುಗ
ವಿಜ್ಜಡವಿಡ ಎಂದರೆ ವಿಜಯಪುರವೇ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಶಾಸನ ಮೊಮ್ಮಗನ ಊರಿನದು, ಅಜ್ಜನ ಊರಿನದಲ್ಲ.

ನಿರ್ವಾಹಕರು
ಭಾಸ್ಕರಾಚಾರ್ಯರ ಊರಿನ ಚರ್ಚೆಗೆ ಬೇರೆ ಎಳೆ ಆರಂಭಿಸಿ, ಅಲ್ಲಿ ಖಂಡಿತ ಸ್ವಾಗತ. ಇಲ್ಲಿ ಗ್ರಹಗಳಿಗೆ ಬನ್ನಿ.

ಚಿಂತಾಮಣಿ
ಭಾರತಕ್ಕೆ ಈ ಕಥೆಯಲ್ಲಿ ಪಾಲು ಇಲ್ಲ ಎನ್ನುವುದು ಮಾತ್ರ ಸರಿಯಲ್ಲ. ಬ್ರಿಟಿಷ್ ಸೈನ್ಯಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದರು. 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ (ನೆಲವನ್ನು ತ್ರಿಕೋನಗಳಾಗಿ ಜೋಡಿಸುತ್ತಾ ದೇಶವನ್ನು ಅಳೆಯುವ ಕೆಲಸ) ಶುರುವಾಗಿ ಹಿಮಾಲಯದವರೆಗೆ ಹೋಯಿತು. ಅಲ್ಲಿ ಒಂದು ತೊಡಕು ಕಂಡಿತು. ಮಧ್ಯಭಾರತದ ಕಲ್ಯಾಣಪುರ, ಉತ್ತರದ ಕಲಿಯಾನ ಎಂಬ ಎರಡು ಠಾಣೆಗಳ ನಡುವಿನ ಅಂತರ ನೆಲದ ಅಳತೆಯಲ್ಲಿ ಒಂದು, ನಕ್ಷತ್ರದ ಅಳತೆಯಲ್ಲಿ ಇನ್ನೊಂದು. ವ್ಯತ್ಯಾಸ 5.236 ಆರ್ಕ್‌ಸೆಕೆಂಡ್, ನೆಲದ ಮೇಲೆ ಸುಮಾರು 160 ಮೀಟರ್. ಹಿಮಾಲಯ ತೂಗುಗುಂಡನ್ನು ಜಗ್ಗುತ್ತಿದೆ ಎಂದು ಕಲ್ಕತ್ತೆಯ ಆರ್ಚ್‌ಡೀಕನ್ (ಹಿರಿಯ ಪಾದ್ರಿ) ಜಾನ್ ಪ್ರ್ಯಾಟ್ ಲೆಕ್ಕ ಹಾಕಿದರೆ 15.885 ಬರಬೇಕಿತ್ತು, ಮೂರು ಪಟ್ಟು ಹೆಚ್ಚು! ಅಷ್ಟು ದೊಡ್ಡ ಪರ್ವತ ಇಷ್ಟು ಕಡಿಮೆ ಎಳೆಯುವುದೇಕೆ? ಪರ್ವತದ ಅಡಿಯಲ್ಲಿ ಹಗುರವಾದ ಬೇರು ಆಳಕ್ಕೆ ಇಳಿದಿದೆ ಎಂದು 1855ರಲ್ಲೇ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ವಿವರಿಸಿದರು. ಬೆಟ್ಟದಿಂದ ಭೂಮಿಯನ್ನು ತೂಗುವ ಉಪಾಯ ಏಕೆ ನಂಬಲರ್ಹವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಬೆಟ್ಟದ ಅಡಿಯಲ್ಲಿ ಏನಿದೆ ಎಂದು ಕಾಣುವುದಿಲ್ಲ.

ಇನ್ನೊಂದು, ನಮ್ಮ ಜಿಲ್ಲೆಯದು. ಕ್ಯಾವೆಂಡಿಶ್ ಬಳಸಿದ ಜಾತಿಯ ತಿರುಚು ತಕ್ಕಡಿ ಗೌರಿಬಿದನೂರಿನಲ್ಲೂ ನಡೆದಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೆಲದಾಳದ ಕೋಣೆಯಲ್ಲಿ ಅದನ್ನು ತೂಗುಬಿಟ್ಟು, ಗುರುತ್ವವೂ ಸೇರಿ ಗೊತ್ತಿರುವ ನಾಲ್ಕು ಬಲಗಳಲ್ಲದೆ ಪ್ರಕೃತಿಯಲ್ಲಿ ಐದನೆಯ ಬಲ ಒಂದು ಇದೆಯೇ ಎಂದು ಹುಡುಕಿದರು. ಅಷ್ಟು ಆಳಕ್ಕೆ ಇಳಿದದ್ದು ಉಷ್ಣತೆ ಏರಿಳಿಯಬಾರದು, ನೆಲ ನಡುಗಬಾರದು ಎಂದೇ.

ಗ್ರಹಚಾರಿ
ಮೂರನೆಯ ಪ್ರಶ್ನೆ ನನಗೆ ಬಿಡಿ. ಗ್ರಹವನ್ನು ತೂಗಲು ಅದನ್ನು ಸುತ್ತುವ ಏನಾದರೂ ಒಂದು ಬೇಕು. ಎಷ್ಟು ದೂರದಲ್ಲಿ, ಎಷ್ಟು ಹೊತ್ತಿಗೆ ಒಂದು ಸುತ್ತು ಎಂಬ ಎರಡೇ ಅಂಕಿ ಸಾಕು. ಸುತ್ತುವ ವಸ್ತುವಿನ ತೂಕವೂ ಬೇಡ.

ಮಕ್ಕಳ ಕೈಯಲ್ಲಿ ಮಂಗಳವನ್ನು ತೂಗಿಸಿ, ನಮ್ಮ ಮಂಗಳಯಾನದಿಂದಲೇ. 2014ರ ಸೆಪ್ಟೆಂಬರ್ 24ರಂದು ಅದು ಕಕ್ಷೆ ಸೇರಿದಾಗ ಇಸ್ರೋ ಕೊಟ್ಟ ಅಂಕಿಗಳು ಇವು: ಮಂಗಳದ ನೆಲದಿಂದ ಅತಿ ಹತ್ತಿರ 421.7 ಕಿ.ಮೀ., ಅತಿ ದೂರ 76,993.6 ಕಿ.ಮೀ., ಒಂದು ಸುತ್ತಿಗೆ 72 ಗಂಟೆ 51 ನಿಮಿಷ 51 ಸೆಕೆಂಡ್. ಮಂಗಳದ ವ್ಯಾಸ 6,779 ಕಿ.ಮೀ. ಮೂರೂ ದೂರವನ್ನು ಕೂಡಿ ಅರ್ಧ ಮಾಡಿ, 42,097 ಕಿ.ಮೀ. ಇದು ಕಕ್ಷೆಯ ಸರಾಸರಿ ದೂರ. ಇದನ್ನು ಮೀಟರಿಗೆ ತಿರುಗಿಸಿ ಘನ ತೆಗೆಯಿರಿ. 39.48ರಿಂದ ಗುಣಿಸಿ (ಅದು ಪೈ ವರ್ಗದ ನಾಲ್ಕರಷ್ಟು). ಅವಧಿ 2,62,311 ಸೆಕೆಂಡ್, ಅದರ ವರ್ಗದಿಂದ ಭಾಗಿಸಿ. 4.28ನ್ನು 10ರ 13ನೇ ಘಾತದಿಂದ ಗುಣಿಸಿದಷ್ಟು ಬರುತ್ತದೆ. ಕೊನೆಗೆ ಕ್ಯಾವೆಂಡಿಶ್ ದಾರಿ ತೋರಿದ ಸ್ಥಿರಾಂಕದಿಂದ, ಎಂದರೆ 6.674ನ್ನು 10ರ ಋಣ 11ನೇ ಘಾತದಿಂದ ಗುಣಿಸಿದ್ದರಿಂದ, ಭಾಗಿಸಿ. ಉತ್ತರ 6.41ನ್ನು 10ರ 23ನೇ ಘಾತದಿಂದ ಗುಣಿಸಿದಷ್ಟು ಕಿಲೋ. ಪುಸ್ತಕದಲ್ಲಿರುವುದು 6.42. ಭೂಮಿಯ ಒಂಬತ್ತನೇ ಒಂದು ಭಾಗಕ್ಕೂ ತುಸು ಕಡಿಮೆ.

ಈ ಅಂಕಿಗಳು ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ, ಬ್ಯಾಲಾಳಿನ ದೊಡ್ಡ ಆಂಟೆನಾದ ನೆರವಿನಿಂದ ತಯಾರಾದವು. ಮಕ್ಕಳಿಗೆ ಅದನ್ನೂ ಹೇಳಿ ಮೇಡಂ.

ಶಾಲ್ಮಲಾ
ಈಗಲೇ ಕ್ಯಾಲ್ಕುಲೇಟರ್ ಹಿಡಿದು ಮಾಡಿದೆ. ಬಂತು! 6.41. ಉಪಗ್ರಹವೇ ಇಲ್ಲದ ಶುಕ್ರ, ಬುಧಗಳಿಗೆ ಏನು ಮಾಡಿದರು?

ಗ್ರಹಚಾರಿ
ಅವು ನೆರೆಯ ಗ್ರಹಗಳ ದಾರಿಯನ್ನು ಎಷ್ಟು ಎಳೆದು ಕೆಡಿಸುತ್ತವೆ ಎಂದು ನೋಡಿ ಊಹಿಸಿದರು. ಬುಧಕ್ಕೆ ಎನ್ಕೆ ಧೂಮಕೇತುವಿನ ದಾರಿಯನ್ನೂ ಬಳಸಿದರು. ಗಟ್ಟಿ ಉತ್ತರ ಬಂದದ್ದು ನೌಕೆಗಳು ಪಕ್ಕದಲ್ಲಿ ಹಾದುಹೋದ ಮೇಲೆ. ಶುಕ್ರಕ್ಕೆ 1962ರಲ್ಲಿ ಮ್ಯಾರಿನರ್ 2, ಬುಧಕ್ಕೆ 1974ರಲ್ಲಿ ಮ್ಯಾರಿನರ್ 10. ಶುಕ್ರ ಭೂಮಿಯ 0.815 ಪಟ್ಟು, ಬುಧ 0.055.

ಸುತ್ತುವವರಿಲ್ಲದೆ ತೂಗಿದರೆ ಎಷ್ಟು ದಾರಿ ತಪ್ಪಬಹುದು ಎಂಬುದಕ್ಕೆ ಪ್ಲೂಟೊ ನೋಡಿ. 1930ರಲ್ಲಿ ಸಿಕ್ಕಿತು. ಮೊದಮೊದಲು ಅದಕ್ಕೆ ಭೂಮಿಯಷ್ಟೇ ತೂಕ ಕಟ್ಟಿದರು, ಆಮೇಲೆ ಹತ್ತನೇ ಒಂದು, ಆಮೇಲೆ ನೂರನೇ ಒಂದು. 1978ರಲ್ಲಿ ಅದರ ಉಪಗ್ರಹ ಶಾರನ್ ಕಂಡಿತು, ಲೆಕ್ಕ ಹಾಕಿದರೆ ಭೂಮಿಯ ಐನೂರನೇ ಒಂದು ಭಾಗದ ಆಸುಪಾಸು. ನಮ್ಮ ಚಂದ್ರನ ಐದನೇ ಒಂದಕ್ಕಿಂತಲೂ ಕಡಿಮೆ.

ಬಯಲುಸೀಮೆಯವ
ಹಾಗಿದ್ದರೆ ಯುರೇನಸ್ ದಾರಿ ತಪ್ಪಿದೆ, ಆಚೆ ಇನ್ನೊಂದು ದೊಡ್ಡ ಗ್ರಹ ಇದೆ ಎಂದು ಹುಡುಕುತ್ತಿದ್ದರಲ್ಲ? ಪ್ಲೂಟೊ ಅಷ್ಟು ಹಗುರವಾದರೆ ಎಳೆದವರು ಯಾರು?

ಗ್ರಹಚಾರಿ
ಯಾರೂ ಅಲ್ಲ. 1989ರಲ್ಲಿ ವಾಯೇಜರ್ 2 ನೆಪ್ಚೂನ್ ಪಕ್ಕ ಹಾದಾಗ ಅದರ ದ್ರವ್ಯರಾಶಿಗೆ ಶೇಕಡಾ ಅರ್ಧದಷ್ಟು ತಿದ್ದುಪಡಿ ಬಂತು. ಹೊಸ ಸಂಖ್ಯೆ ಹಾಕಿದರೆ ಯುರೇನಸ್ಸಿನ ದಾರಿ ಸರಿಹೋಯಿತು.

ಹಳೆಯ ಉಪನ್ಯಾಸಕ
ಮಂಗಳದ ಲೆಕ್ಕದಲ್ಲಿ ಕೊನೆಯ ಭಾಗಾಕಾರದ ಕಡೆ ಎಲ್ಲರೂ ಗಮನ ಕೊಡಿ. ಅಲ್ಲಿಯವರೆಗೆ ಬಂದ 4.28, ದ್ರವ್ಯರಾಶಿ ಮತ್ತು ಸ್ಥಿರಾಂಕದ ಗುಣಲಬ್ಧ. ಭೂಮಿಗೆ ಈ ಗುಣಲಬ್ಧ ಉಪಗ್ರಹಗಳಿಂದಾಗಿ ಒಂಬತ್ತು ಅಂಕಿಗಳಷ್ಟು ಖಚಿತವಾಗಿ ಗೊತ್ತು. ಆದರೆ ಸ್ಥಿರಾಂಕ ಬೇರೆಯಾಗಿ ಗೊತ್ತಿರುವುದು ನಾಲ್ಕೈದು ಅಂಕಿ ಮಾತ್ರ, ಏಕೆಂದರೆ ಅದನ್ನು ಇಂದಿಗೂ ಪ್ರಯೋಗಶಾಲೆಯಲ್ಲಿ ಗುಂಡುಗಳನ್ನು ಗುಂಡುಗಳ ಹತ್ತಿರ ತಂದೇ ಅಳೆಯಬೇಕು. ಒಂದು ಪ್ರಯೋಗಶಾಲೆಯ ಉತ್ತರ ಇನ್ನೊಂದರ ಉತ್ತರಕ್ಕೆ ಪೂರ್ತಿ ಹೊಂದುತ್ತಿಲ್ಲ. ಆದ್ದರಿಂದ ಭೂಮಿ, ಸೂರ್ಯ, ಗುರು ಯಾವುದರ ಕಿಲೋಗ್ರಾಂ ಲೆಕ್ಕವೂ ಅದಕ್ಕಿಂತ ಖಚಿತವಾಗಲಾರದು. ನೌಕೆ ಹಾರಿಸುವವರಿಗೆ ಇದರಿಂದ ತೊಂದರೆ ಇಲ್ಲ, ಅವರಿಗೆ ಗುಣಲಬ್ಧ ಸಾಕು.

ಅಂಕಿಸಂಖ್ಯೆ
ಆ ನಾಲ್ಕು ಅಂಕಿಯೂ ದೊಡ್ಡದು ಸರ್. ಭೂಮಿ 5.972 ಎಂದು ನಾಲ್ಕು ಅಂಕಿ ಧೈರ್ಯವಾಗಿ ಹೇಳುತ್ತೀರಿ. ಮನುಕುಲಕ್ಕೆ ನಾನು 42 ಎಂದೆ, ಅಧ್ಯಯನ 39 ಎಂದಿತು. ಎರಡನೆಯ ಅಂಕಿಯಲ್ಲೇ ಜಗಳ. ನಮ್ಮ ದೇಶದಲ್ಲಿ 2021ರಲ್ಲಿ ನಡೆಯಬೇಕಿದ್ದ ಜನಗಣತಿಯೇ ಮುಂದಕ್ಕೆ ಹೋಯಿತು. ಅರ್ಧಕ್ಕರ್ಧ ಮಕ್ಕಳನ್ನು ಯಾವ ತಕ್ಕಡಿಯ ಮೇಲೂ ನಿಲ್ಲಿಸಿಲ್ಲ ಎಂದು ನನ್ನ ಅನಿಸಿಕೆ. ಗುರುಗ್ರಹವನ್ನು ತೂಗುವಷ್ಟು ಕಾಳಜಿಯಿಂದ ಅಂಗನವಾಡಿಯ ಕೂಸನ್ನೂ ತೂಗಬೇಕು, ಅದು ಹಸಿವಿನ ಲೆಕ್ಕ.

ನಂದಿನಿ ಹೊಳೆ
ಅಂಗನವಾಡಿಗಳಲ್ಲಿ ಪ್ರತಿ ತಿಂಗಳೂ ತೂಗುತ್ತಾರೆ ಸರ್, ನಾನೇ ನೋಡಿದ್ದೇನೆ. ಬರೆದದ್ದನ್ನು ಆಮೇಲೆ ಯಾರು ಓದುತ್ತಾರೆ ಎಂದು ಕೇಳಿ.

ಮಂಡ್ಯದ ಗದ್ದೆ
ಗುರುವಿನ ಮಾತು ಬಂತು. ನನ್ನ ಹತ್ತಿರ ಒಂದು ಬೈನಾಕ್ಯುಲರ್ ಇದೆ. ಅದರಿಂದ ಗುರುವನ್ನು ತೂಗಬಹುದೇ?

ಗ್ರಹಚಾರಿ
ಖಂಡಿತ. ಕೈಯಲ್ಲಿ ಹಿಡಿಯಬೇಡಿ, ಮುಕ್ಕಾಲಿಗೆ ಬಿಗಿಯಿರಿ. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು ಚುಕ್ಕಿಗಳಾಗಿ ಕಾಣುತ್ತವೆ. ಅವುಗಳಲ್ಲಿ ಅಯೋ ಬೇಡ, ಗುರುವಿನ ಬೆಳಕಿನಲ್ಲೇ ಮುಳುಗಿರುತ್ತದೆ. ಕ್ಯಾಲಿಸ್ಟೊ ಹಿಡಿಯಿರಿ, ಅತ್ಯಂತ ದೂರ ಹೋಗುವುದು ಅದೇ, ಗುರುವಿನ ಅಗಲದ ಸುಮಾರು ಹದಿಮೂರು ಪಟ್ಟು. ಮೋಡವಿಲ್ಲದ ರಾತ್ರಿಗಳಲ್ಲಿ ನಾಲ್ಕೂ ಚುಕ್ಕಿಗಳ ಜಾಗವನ್ನು ಕಾಗದದ ಮೇಲೆ ಗುರುತಿಸುತ್ತಾ ಹೋಗಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಕ್ಯಾಲಿಸ್ಟೊ ಒಂದು ತುದಿಯಿಂದ ಹೊರಟು ಮತ್ತೆ ಅದೇ ತುದಿಗೆ ಬರಲು 16.7 ದಿನ. ಗುರುವಿನ ವ್ಯಾಸ ಸುಮಾರು 1.4 ಲಕ್ಷ ಕಿ.ಮೀ., ಅದನ್ನು ಹದಿಮೂರರಿಂದ ಗುಣಿಸಿದರೆ ದೂರ ಸಿಗುತ್ತದೆ. ಆಮೇಲೆ ಮಂಗಳಕ್ಕೆ ಮಾಡಿದ್ದೇ ಲೆಕ್ಕ. ಭೂಮಿಯ 318 ಪಟ್ಟು ಬರಬೇಕು, 300ರ ಹತ್ತಿರ ಬಂದರೂ ಚೆನ್ನಾಗಿ ನೋಡಿದ್ದೀರಿ ಎಂದೇ ಅರ್ಥ. ದೂರದಲ್ಲಿ ಸ್ವಲ್ಪ ತಪ್ಪಿದರೆ ಘನ ತೆಗೆಯುವಾಗ ಅದು ಮೂರು ಪಟ್ಟಾಗುತ್ತದೆ, ಆದ್ದರಿಂದ ತುದಿಗೆ ಹೋದ ರಾತ್ರಿಗಳನ್ನು ತಪ್ಪಿಸಬೇಡಿ.

ಮಂಡ್ಯದ ಗದ್ದೆ
ಮುಕ್ಕಾಲಿ ಇಲ್ಲ, ಪಂಪ್‌ಸೆಟ್ ಮನೆಯ ಗೋಡೆಯ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ಊರಿದರೆ ನಡೆಯುತ್ತದೆಯೇ?

ಗ್ರಹಚಾರಿ
ನಡೆಯುತ್ತದೆ. ಮೋಟಾರು ಓಡುತ್ತಿರುವಾಗ ಮಾತ್ರ ನೋಡಬೇಡಿ, ಗೋಡೆ ನಡುಗುತ್ತದೆ.